ಕಣ್ಣಿನ ಪೊರೆ, ಕೋಶದ ಪೊರೆ

ಕಣ್ಣಿನ ಮಸೂರದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಬರಹಕ್ಕೆ ಮಲೆನಾಡಿನಿಂದ ಬಂದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ. ಆ ಬರಹದ ತಿರುಳು ಇಷ್ಟೇ: ಮಸೂರದ ಕೋಶಗಳ ಪೊರೆಯಲ್ಲಿ ಕೊಬ್ಬೂ ಪ್ರೋಟೀನೂ ಹೊಂದಿಕೊಂಡಿದ್ದಷ್ಟು ದಿನ ಮಸೂರ ತಿಳಿಯಾಗಿರುತ್ತದೆ, ಹೊಂದಿಕೆ ಕೆಟ್ಟಲ್ಲಿ ಮಬ್ಬು ಶುರುವಾಗುತ್ತದೆ.

ಪ್ರಶ್ನೆ: ಅಜ್ಜಿಗೆ ‘ಕಣ್ಣಿಗೆ ಪೊರೆ ಬಂದಿದೆ’ ಅಂತಾರೆ. ನೀವು ‘ಕೋಶದ ಪೊರೆ’ ಅಂತ ಬರೆದಿದ್ದೀರಿ. ಎರಡೂ ಒಂದೇನಾ? ಕಣ್ಣಿನ ಮೇಲೆ ಬೆಳೆದ ತೆಳು ಚರ್ಮ ಸುಲಿದು ತೆಗೆಯೋದೇ ಆಪರೇಷನ್ನಾ?
– ಪಿಯುಸಿ ವಿದ್ಯಾರ್ಥಿನಿ, ಹೊಸನಗರ

ಹೆಸರು ಒಂದು, ವಸ್ತು ಎರಡು. ಕಪ್ಪಾಗಿರಬೇಕಾದ ಪಾಪೆ ಬೆಳ್ಳಗೆ ಕಂಡದ್ದರಿಂದ, ಹಾವಿನ ಪೊರೆಯ ಹಾಗೆ ಏನೋ ಮುಚ್ಚಿಕೊಂಡಿದೆ ಎಂದು ಹಿರಿಯರು ಭಾವಿಸಿದರು, ಹೆಸರು ನಿಂತಿತು. ನಿಜಕ್ಕೂ ಅಲ್ಲಿ ಏನೂ ಹೊಸದಾಗಿ ಬೆಳೆದಿರುವುದಿಲ್ಲ. ಪಾಪೆಯ ಹಿಂದಿರುವ ಮಸೂರವೇ ಮಬ್ಬಾಗಿರುತ್ತದೆ. ಆಪರೇಷನ್ನಿನಲ್ಲಿ ಆ ಮಸೂರದ ಒಳಗಿನದನ್ನು ಪೂರ್ತಿ ತೆಗೆದು ಕೃತಕ ಮಸೂರ ಇಡುತ್ತಾರೆ. (ಕಣ್ಣಿನ ಬಿಳಿ ಭಾಗದಿಂದ ಮಾಂಸದ ಹಾಗೆ ತೆವಳಿ ಬರುವುದು ಬೇರೆಯೇ ತೊಂದರೆ.)

ಕೋಶದ ಪೊರೆ ಎಂದರೆ ಒಂದೊಂದು ಜೀವಕೋಶವನ್ನೂ ಸುತ್ತಿರುವ ಕೊಬ್ಬು ಮತ್ತು ಪ್ರೋಟೀನಿನ ಹಾಳೆ. ಮಸೂರ ಹಸಿ ಅವರೆಕಾಳಿನಷ್ಟಿರುತ್ತದೆ: ಅಗಲ 9–10 ಮಿ.ಮೀ., ದಪ್ಪ ಸುಮಾರು 4 ಮಿ.ಮೀ. ಅದರಲ್ಲಿ ತುಂಬಿರುವುದು ನಾರಿನಂಥ ಉದ್ದನೆಯ ಕೋಶಗಳು. ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನಿನ ಎರಿಯನ್ನು ಸ್ವಲ್ಪ ಅಮುಕಿದ ಹಾಗೆ ಆರು ಮೂಲೆಯ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಮನೆ ಮನೆಗಳ ನಡುವಿನ ಸಂದು ಬೆಳಕಿನ ತರಂಗಕ್ಕಿಂತ ಕಿರಿದು. ಹಾಗಾಗಿ ಬೆಳಕು ಚದುರದೆ ದಾಟುತ್ತದೆ. ನಿಮ್ಮ ಅಜ್ಜಿಯ ಕಣ್ಣಿನ ಪೊರೆಗೆ ಈ ಕೋಶಗಳ ಪೊರೆ ಹಾಳಾದದ್ದೂ ಒಂದು ಕಾರಣ. ಹಾಗೆ ನೋಡಿದರೆ ಎರಡು ಪೊರೆಗೂ ನಂಟಿದೆ.

ಪ್ರಶ್ನೆ: ಮಸೂರದ ಕೋಶಪೊರೆಯಲ್ಲಿ ಕೊಲೆಸ್ಟ್ರಾಲ್ ಬೇರೆ ಕೋಶಗಳಿಗಿಂತ ಬಹಳ ಹೆಚ್ಚು ಎಂದು ಬರೆದಿದ್ದಿರಿ. ಅಷ್ಟು ಯಾಕೆ ಬೇಕು? ಪ್ರೋಟೀನುಗಳ ಜೊತೆ ಅದು ಹೇಗೆ ನಡೆದುಕೊಳ್ಳುತ್ತದೆ? ಸ್ವಲ್ಪ ಬಿಡಿಸಿ ಹೇಳಿ.
– ಜೀವರಸಾಯನ ಶಾಸ್ತ್ರದ ವಿದ್ಯಾರ್ಥಿ, ಶಂಕರಘಟ್ಟ

ಮಸೂರದ ಮಾತು ಬಂದಾಗ ಎಲ್ಲರೂ ಪ್ರೋಟೀನಿನ ಹಿಂದೆಯೇ ಹೋಗುತ್ತಾರೆ, ಕೊಬ್ಬನ್ನು ಕೇಳುವವರಿಲ್ಲ. ಅದಕ್ಕೇ ಕೊಬ್ಬಿನಿಂದ ಶುರು ಮಾಡೋಣ.

ನಾರುಕೋಶ ಬಲಿಯುವಾಗ ತನ್ನ ಕೋಶಕೇಂದ್ರ, ಮೈಟೊಕಾಂಡ್ರಿಯಾ, ಎಂಡೊಪ್ಲಾಸ್ಮಿಕ್ ಜಾಲ ಎಲ್ಲವನ್ನೂ ತಾನೇ ಕರಗಿಸಿಕೊಳ್ಳುತ್ತದೆ. ಬೆಳಕಿನ ದಾರಿ ಸುಗಮವಾಗುತ್ತದೆ. ಆದರೆ ಅಲ್ಲಿಂದ ಮುಂದೆ ಹೊಸ ಪ್ರೋಟೀನೂ ಇಲ್ಲ, ಹೊಸ ಕೊಬ್ಬೂ ಇಲ್ಲ, ರಿಪೇರಿಯೂ ಇಲ್ಲ. ಹೊಸ ಕೋಶಗಳು ಹೊರಗಿನಿಂದ ಸುತ್ತಿಕೊಳ್ಳುತ್ತ ಹೋಗುತ್ತವೆ, ಹಳೆಯವು ತಿರುಳಿನಲ್ಲಿ ಉಳಿಯುತ್ತವೆ. ಎಂಬತ್ತು ವರ್ಷದವರ ಮಸೂರದ ನಟ್ಟನಡುವೆ ಇರುವುದು ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ ಆದ ಪ್ರೋಟೀನು. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14ರ ಪ್ರಮಾಣವನ್ನು ಮಸೂರದ ಪ್ರೋಟೀನಿನಲ್ಲಿ ಅಳೆದು ಇದನ್ನು ಖಚಿತಪಡಿಸಿದ್ದಾರೆ.

ಒಮ್ಮೆ ಹಾಕಿದ್ದು ಜನ್ಮಕ್ಕೆಲ್ಲ ಬಾಳಬೇಕಾದರೆ ಎಂಥ ಕೊಬ್ಬು ಬೇಕು? ಪುಷ್ಯದ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದೆ, ಎಳ್ಳೆಣ್ಣೆ ಹರಿಯುತ್ತಲೇ ಇರುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ಅಣುವಿನ ಬಾಲಗಳಲ್ಲಿ (ಉದ್ದನೆಯ ಕಾರ್ಬನ್ ಸರಪಳಿಗಳಲ್ಲಿ) ದ್ವಿಬಂಧ ಕಡಿಮೆ; ನೆಟ್ಟಗಿನ ಬಾಲಗಳು ಒತ್ತಾಗಿ ಕೂರುತ್ತವೆ. ದ್ವಿಬಂಧ ಹೆಚ್ಚಿದ್ದಷ್ಟೂ ಆಮ್ಲಜನಕ ತಗುಲಿ ಬೇಗ ಕಮಟು ಹಿಡಿಯುತ್ತದೆ. ಮನುಷ್ಯನ ಮಸೂರ ಆರಿಸಿಕೊಂಡದ್ದು ಕಮಟು ಹಿಡಿಯದ ಜಾತಿಯನ್ನು: ಅದರ ಪೊರೆ ಕಟ್ಟುವ ಮುಖ್ಯ ಕೊಬ್ಬುಗಳಾದ ಫಾಸ್ಫೋಲಿಪಿಡ್‌ಗಳಲ್ಲಿ ದೊಡ್ಡ ಪಾಲು ಸ್ಫಿಂಗೋಮಯಲಿನ್, ಅದರಲ್ಲೂ ದ್ವಿಬಂಧ ಇನ್ನೂ ಕಡಿಮೆ ಇರುವ ಡೈಹೈಡ್ರೋಸ್ಫಿಂಗೋಮಯಲಿನ್. ವಯಸ್ಸಾದಂತೆ ದ್ವಿಬಂಧ ಹೆಚ್ಚಿರುವ ಫಾಸ್ಫಟಿಡೈಲ್‌ಕೋಲಿನ್ ಕಡಿಮೆಯಾಗುತ್ತ ಸ್ಫಿಂಗೋ ಬಳಗದ ಪಾಲು ಇನ್ನೂ ಏರುತ್ತದೆ. ಅಲ್ಪಾಯುಷಿ ಪ್ರಾಣಿಗಳ ಮಸೂರದಲ್ಲಿ ಈ ಪಾಲು ಕಡಿಮೆ.

ಇದರ ನಡುವೆ ತೂರಿಕೊಂಡಿರುವುದು ಕೊಲೆಸ್ಟ್ರಾಲ್. ಸಾಮಾನ್ಯ ಕೋಶದ ಹೊರಪೊರೆಯಲ್ಲಿ ಒಂದು ಫಾಸ್ಫೋಲಿಪಿಡ್ ಅಣುವಿಗೆ ಅರ್ಧದಿಂದ ಒಂದು ಕೊಲೆಸ್ಟ್ರಾಲ್ ಅಣು ಇರುತ್ತದೆ. ಮಾನವ ಮಸೂರದ ಹೊರಭಾಗದಲ್ಲಿ ಅದು 1ರಿಂದ 2, ತಿರುಳಿನಲ್ಲಿ 3ರಿಂದ 4. ಇಷ್ಟನ್ನು ಪೊರೆ ಹಿಡಿದಿಟ್ಟುಕೊಳ್ಳಲಾರದು. ಪ್ರಯೋಗಾಲಯದ ಕೃತಕ ಪೊರೆಗಳಲ್ಲಿ ಕೊಲೆಸ್ಟ್ರಾಲ್ ಒಟ್ಟು ಕೊಬ್ಬಿನ ಅಣುಗಳ ಅರ್ಧಕ್ಕಿಂತ ಮೇಲೇರಿದಾಗ, ಅಲ್ಲಲ್ಲಿ ಬರೀ ಕೊಲೆಸ್ಟ್ರಾಲಿನದೇ ಎರಡು ಪದರದ ತೇಪೆಗಳು ಮೂಡುತ್ತವೆ. ಇನ್ನೂ ಸುರಿದರೆ, ಹಳೆಯ ಜೇನು ಹರಳುಗಟ್ಟುವ ಹಾಗೆ, ಅದು ಹರಳಾಗಿ ಹೊರಗೆ ಬೀಳುತ್ತದೆ. ರಕ್ತನಾಳದ ಗೋಡೆಯಲ್ಲಿ ಇಂಥ ಹರಳು ಕೇಡು. ಮಸೂರದಲ್ಲಿ ಲೆಕ್ಕ ತಿರುಗುಮುರುಗು: ಆ ತೇಪೆಗಳು ಸುತ್ತಲಿನ ಪೊರೆಯನ್ನು ಸದಾ ಕೊಲೆಸ್ಟ್ರಾಲ್ ತುಂಬಿದ ಸ್ಥಿತಿಯಲ್ಲೇ ಇಟ್ಟಿರುತ್ತವೆ, ಆಮ್ಲಜನಕ ಸುಲಭವಾಗಿ ಒಳನುಗ್ಗದಂತೆ ತಡೆಯುತ್ತವೆ. ತಿರುಳಿಗೆ ಆಮ್ಲಜನಕ ಎಷ್ಟು ಅಪಾಯ ಎಂಬುದಕ್ಕೆ ಒಂದು ಉದಾಹರಣೆ: ಅಕ್ಷಿಪಟಲದ (ರೆಟಿನಾ) ತೊಂದರೆಗೆಂದು ಕಣ್ಣಿನೊಳಗಿನ ಲೋಳೆದ್ರವ ತೆಗೆಸಿಕೊಂಡ ಐವತ್ತು ದಾಟಿದವರಲ್ಲಿ ಬಹುಪಾಲು ಮಂದಿಗೆ ಎರಡು ವರ್ಷದೊಳಗೆ ತಿರುಳಿನ ಪೊರೆ ಬರುತ್ತದೆ. ಆ ಲೋಳೆ ಇದ್ದಾಗ ಆಮ್ಲಜನಕ ಮಸೂರವನ್ನು ಮುಟ್ಟುವುದು ಕಡಿಮೆ.

ಈಗ ಪ್ರೋಟೀನಿಗೆ ಬರೋಣ. ನಾರುಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನಿನ ಸುಮಾರು ಅರ್ಧ ಒಂದೇ ಬಗೆಯದು: ನೀರು ದಾಟಿಸುವ ಪ್ರೋಟೀನುಗಳ ಬಳಗದ ಅಕ್ವಾಪೊರಿನ್-0. 263 ಅಮೈನೊ ಆಮ್ಲಗಳ ಸರಪಳಿ, ನಾಲ್ಕು ಸೇರಿ ಒಂದು ಗುಂಪು. ನೀರು ಬಿಡುವ ಕೆಲಸದಲ್ಲಿ ಇದು ತನ್ನ ಬಳಗದಲ್ಲೇ ಮಂದ. ಬದಲಿಗೆ ಎದುರಿನ ಕೋಶದ ಅಕ್ವಾಪೊರಿನ್‌ಗೆ ಮುಖಕೊಟ್ಟು ಎರಡು ಕೋಶಗಳನ್ನು ಅಂಟಿಸಿ ಹಿಡಿಯುತ್ತದೆ. ಮೇಲೆ ಹೇಳಿದ ಕಿರುಸಂದು ಉಳಿಯುವುದು ಹೀಗೆ. 2005ರಲ್ಲಿ ಕುರಿಯ ಮಸೂರದ ಈ ಪ್ರೋಟೀನನ್ನು ಕೊಬ್ಬಿನ ಜೊತೆಯಲ್ಲೇ ತೆಳುಹರಳು ಮಾಡಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 1.9 ಆಂಗ್‌ಸ್ಟ್ರಾಂ ವಿವರದಲ್ಲಿ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿ.ಮೀ.ನ ಒಂದು ಕೋಟಿಯಲ್ಲಿ ಒಂದು ಭಾಗ) ನೋಡಿದರು. ಪ್ರೋಟೀನಿನ ಮೈಯ ತಗ್ಗುದಿಣ್ಣೆಗಳಿಗೆ ಕೊಬ್ಬಿನ ಬಾಲಗಳು ಬಾಗಿ ಬಳುಕಿ ಹೊಂದಿಕೊಂಡದ್ದು ಒಂದೊಂದು ಅಣುವಾಗಿ ಕಂಡಿತು. ಕೊಬ್ಬು ಅಲ್ಲಿ ಬರೀ ತೇಲಿಸುವ ಎಣ್ಣೆಯಲ್ಲ, ಗೋಡೆಯ ಕಲ್ಲಿಗೆ ಕೂತ ಗಾರೆ. ಈ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಸಾಕು, 134ನೆಯದು ಅಥವಾ 138ನೆಯದು, ಚಿಕ್ಕ ವಯಸ್ಸಿನಲ್ಲೇ ಪೊರೆ ಬಂದ ಕುಟುಂಬಗಳಿವೆ. ಇದರ ಪಕ್ಕದಲ್ಲಿ ಕನೆಕ್ಸಿನ್ 46 ಮತ್ತು 50 ಎಂಬ ಪ್ರೋಟೀನುಗಳು ಆರಾರು ಸೇರಿ ಕೋಶದಿಂದ ಕೋಶಕ್ಕೆ ಕೊಳವೆ ಕಟ್ಟುತ್ತವೆ. ರಕ್ತನಾಳವೇ ಇಲ್ಲದ ಮಸೂರದಲ್ಲಿ ಗ್ಲುಟಾಥಯೋನ್ ಮುಂತಾದ ರಕ್ಷಕಗಳು ತಿರುಳು ಮುಟ್ಟಲು ಇವು ಬೇಕು.

ಇನ್ನು ಪ್ರೋಟೀನುಗಳಲ್ಲೇ ಇನ್ನೊಂದು ಬಗೆಯಾದ ಕ್ರಿಸ್ಟಲಿನ್‌ಗಳು. ಇವು ಪೊರೆಯಲ್ಲಿ ಇರುವವಲ್ಲ, ಕೋಶದೊಳಗೆ ಒತ್ತಾಗಿ ತುಂಬಿರುವವು. ಮಸೂರದ ತೂಕದ ಮೂರನೇ ಒಂದರಷ್ಟು ಪ್ರೋಟೀನೇ. ಅವುಗಳಲ್ಲಿ ಆಲ್ಫಾ ಕ್ರಿಸ್ಟಲಿನ್‌ಗೆ ಕಾವಲು ಕೆಲಸ: ಮಡಿಕೆ ಬಿಚ್ಚಿ ಕೆಡಲು ಹೊರಟ ಪ್ರೋಟೀನನ್ನು ಹಿಡಿದುಕೊಂಡು ಗಂಟಾಗದಂತೆ ನೋಡುತ್ತದೆ. ಹೀಗೆ ಹಿಡಿದೂ ಹಿಡಿದೂ ಕಾವಲುಗಾರ ಖರ್ಚಾಗುತ್ತಾನೆ. ನಲವತ್ತೈದರ ಹೊತ್ತಿಗೆ ತಿರುಳಿನಲ್ಲಿ ಕರಗಿದ ಆಲ್ಫಾ ಕ್ರಿಸ್ಟಲಿನ್ ಹೆಚ್ಚುಕಡಿಮೆ ಮುಗಿದಿರುತ್ತದೆ. ಅದರ ದೊಡ್ಡ ಪಾಲು ಪೊರೆಗೆ ಹೋಗಿ ಅಂಟಿರುತ್ತದೆ. ಇಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ. ಕೃತಕ ಪೊರೆಗಳಲ್ಲಿ ಕೊಲೆಸ್ಟ್ರಾಲ್ ಏರಿಸುತ್ತ ಹೋದರೆ ಆಲ್ಫಾ ಕ್ರಿಸ್ಟಲಿನ್ ಅಂಟುವುದು ಕಡಿಮೆಯಾಗುತ್ತದೆ, ಕೊಲೆಸ್ಟ್ರಾಲಿನದೇ ತೇಪೆ ಮೂಡುವಷ್ಟಾದಾಗ ಬಹುತೇಕ ನಿಲ್ಲುತ್ತದೆ. ಹೆಂಚಿಗೆ ಬೆಣ್ಣೆ ಸವರಿದರೆ ದೋಸೆ ಹಿಡಿಯುವುದಿಲ್ಲವಲ್ಲ, ಹಾಗೆ. ಪೊರೆಗೆ ಪ್ರೋಟೀನು ದಪ್ಪಗೆ ಮೆತ್ತಿಕೊಂಡರೆ ಬೆಳಕು ಚದುರುತ್ತದೆ, ತಿರುಳಿಗೆ ಹೋಗುವ ಗ್ಲುಟಾಥಯೋನ್ ದಾರಿಯಲ್ಲೇ ನಿಂತುಹೋಗುತ್ತದೆ. ಕಾವಲಿಲ್ಲದ ತಿರುಳು ಉತ್ಕರ್ಷಣಕ್ಕೆ (ಆಮ್ಲಜನಕದ ದಾಳಿಗೆ) ಸಿಕ್ಕಿ ಹಳದಿ, ಆಮೇಲೆ ಕಂದು. ಮಸೂರದ ಮಟ್ಟಿಗೆ ಕೊಲೆಸ್ಟ್ರಾಲ್ ಪೊರೆಯುವ ವಸ್ತು.

ಪ್ರಶ್ನೆ: ವಯಸ್ಸು 61. ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಕಣ್ಣಿಗೆ ಕೊಲೆಸ್ಟ್ರಾಲ್ ಬೇಕು ಎಂದಾದರೆ ಮಾತ್ರೆ ನಿಲ್ಲಿಸಲೇ? ತುಪ್ಪ ಜಾಸ್ತಿ ತಿನ್ನಬಹುದೇ?
– ಸಾಗರದ ಓದುಗರು

ನಿಲ್ಲಿಸಬೇಡಿ. ತುಪ್ಪಕ್ಕೂ ಇದು ಪರವಾನಗಿಯಲ್ಲ. ಮಸೂರ ತನಗೆ ಬೇಕಾದ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ತಾನೇ, ಹೊರಪದರದ ಎಳೆ ಕೋಶಗಳಲ್ಲಿ, ತಯಾರಿಸಿಕೊಳ್ಳುತ್ತದೆ. ಊಟದ ತುಪ್ಪ ಅಲ್ಲಿಗೆ ತಲುಪುವುದಿಲ್ಲ.

ಆದರೆ ನಿಮ್ಮ ಅನುಮಾನಕ್ಕೆ ಬುಡವೇ ಇಲ್ಲ ಎನ್ನಲಾಗದು. ಟ್ರೈಪಾರನಾಲ್ ಎಂಬ ಹಳೆಯ ಕೊಲೆಸ್ಟ್ರಾಲ್ ಮಾತ್ರೆಯನ್ನು ಪೊರೆ ತರಿಸಿದ ಕಾರಣಕ್ಕೇ 1962ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದರು. ಅದು ಕೊಲೆಸ್ಟ್ರಾಲ್ ತಯಾರಿಯ ಕೊನೆಯ ಮೆಟ್ಟಿಲಲ್ಲಿ ತಡೆಯೊಡ್ಡುತ್ತಿತ್ತು. ಈಗಿನ ಕೊಲೆಸ್ಟ್ರಾಲ್ ಮಾತ್ರೆಗಳಾದ ಸ್ಟ್ಯಾಟಿನ್‌ಗಳ ದಾರಿ ಬೇರೆ. ಆದರೂ 12,705 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಹೋಪ್-3 ಅಧ್ಯಯನದಲ್ಲಿ ದಿನಕ್ಕೆ 10 ಮಿ.ಗ್ರಾಂ. ರೋಸುವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಶೇ. 3.8 ಮಂದಿಗೆ, ಹುಸಿಮಾತ್ರೆ ನುಂಗಿದವರಲ್ಲಿ ಶೇ. 3.1 ಮಂದಿಗೆ ಪೊರೆಯ ಆಪರೇಷನ್ ಆಯಿತು. ಬೇರೆ ಅಧ್ಯಯನಗಳು ಒಂದೊಂದು ಒಂದೊಂದು ಬಗೆ ಹೇಳುತ್ತವೆ. ಪೊರೆ ಬಂದರೆ ತೆಗೆಸಬಹುದು. ಹೃದಯಾಘಾತಕ್ಕೆ ಅಷ್ಟು ಸಲೀಸಾದ ಪರಿಹಾರವಿಲ್ಲ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿ ಮಸೂರ, ಅಕ್ಷಿಪಟಲ ಎರಡನ್ನೂ ತೋರಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ನಿಜವಾದ ಚಿಂತೆ ಅದು.

ಪ್ರಶ್ನೆ: ಒಂಬತ್ತನೇ ತರಗತಿಯ ಮಕ್ಕಳಿಗೆ ಮಸೂರ ಮಬ್ಬಾಗುವುದನ್ನು ಕಣ್ಣಾರೆ ತೋರಿಸಲು ಸಾಧ್ಯವೇ? ಶಾಲೆಯಲ್ಲಿ ದೊಡ್ಡ ಪ್ರಯೋಗಾಲಯವಿಲ್ಲ.
– ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಮೀನಿನ ಕಣ್ಣು ಸಾಕು. ಸಾರಿನಲ್ಲಿ ಬೆಂದ ಮೀನಿನ ಕಣ್ಣಲ್ಲಿ ಸಿಗುವ ಬಿಳಿ ಗುಂಡಿದೆಯಲ್ಲ, ಅದೇ ಮಸೂರ. ಹಸಿಯಾಗಿದ್ದಾಗ ಅದು ಗಾಜಿನ ಗೋಲಿ.

ಅದೇ ದಿನ ಹಿಡಿದ, ಒಂದೆರಡು ಕಿಲೋ ತೂಗುವ ಕಾಟ್ಲಾ ಅಥವಾ ರೋಹು ತಲೆ ಎರಡು ತನ್ನಿ. ಐಸಿನಲ್ಲಿ ದಿನಗಟ್ಟಲೆ ಬಿದ್ದಿದ್ದು ಬೇಡ, ಮಸೂರ ಮೊದಲೇ ಮಬ್ಬಾಗಿರುತ್ತದೆ. ಕೈಗವಸು ಹಾಕಿ, ಬ್ಲೇಡು ನೀವೇ ಹಿಡಿಯಿರಿ. ಕಣ್ಣಿನ ಮುಂದಿನ ಪಾರದರ್ಶಕ ಪಟಲವನ್ನು (ಕಾರ್ನಿಯಾ) ಅಂಚಿನಲ್ಲಿ ಸೀಳಿ ಬದಿಯಿಂದ ಮೆತ್ತಗೆ ಒತ್ತಿದರೆ ಮಸೂರ ಹೊರಗೆ ಜಾರುತ್ತದೆ. ಚಿಮ್ಮಟದಲ್ಲಿ ಹಿಡಿಯಬೇಡಿ, ಹೊರಪದರ ಹರಿದರೆ ಅಲ್ಲಿಂದಲೇ ಮಬ್ಬು ಶುರು, ಚಮಚದಲ್ಲಿ ಎತ್ತಿ. ಮೊದಲು ವೃತ್ತಪತ್ರಿಕೆಯ ಮೇಲಿಟ್ಟು ಅಕ್ಷರ ದೊಡ್ಡದಾಗುವುದನ್ನು ತೋರಿಸಿ.

ಆಮೇಲೆ ನಾಲ್ಕನ್ನು ನಾಲ್ಕು ಲೋಟಕ್ಕೆ ಹಾಕಿ. ಒಂದರಲ್ಲಿ ಉಪ್ಪುನೀರು: ಲೀಟರಿಗೆ 9 ಗ್ರಾಂ, ಅಂದರೆ ಸಮಮಟ್ಟದ ಒಂದೂವರೆ ಟೀ ಚಮಚ ಪುಡಿ ಉಪ್ಪು. ಎರಡನೆಯದರಲ್ಲಿ ಬರೀ ನೀರು. ಮೂರನೆಯದರಲ್ಲಿ ಆಗಷ್ಟೇ ಕುದಿದು ಇಳಿಸಿದ ನೀರು. ನಾಲ್ಕನೆಯದರಲ್ಲಿ ಔಷಧಿ ಅಂಗಡಿಯ ಸ್ಪಿರಿಟ್ (ಒಲೆಯಿಂದ ದೂರ). ಬಿಸಿನೀರಿನದು ನೋಡನೋಡುತ್ತಲೇ ಹೊರಗಿನಿಂದ ಒಳಕ್ಕೆ ಬೆಳ್ಳಗಾಗುತ್ತದೆ: ಕ್ರಿಸ್ಟಲಿನ್‌ಗಳ ಮಡಿಕೆ ಬಿಚ್ಚಿ ಗಂಟು ಬಿದ್ದವು, ಮೊಟ್ಟೆಯ ಬಿಳಿಯ ಹಾಗೆ. ಸ್ಪಿರಿಟ್ ಪೊರೆಯ ಕೊಬ್ಬನ್ನು ಕರಗಿಸುವುದರ ಜೊತೆಗೆ ಪ್ರೋಟೀನನ್ನೂ ಹೆಪ್ಪುಗಟ್ಟಿಸುತ್ತದೆ, ಅದೂ ಬಿಳಿಯೇ. ಬರೀ ನೀರಿನದು ನೀರು ಕುಡಿದು ಉಬ್ಬಿ ನಿಧಾನಕ್ಕೆ ಹೊರಪದರದಲ್ಲಿ ಮಂಜಾಗುತ್ತದೆ. ಉಪ್ಪುನೀರಿನದು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಳಿಯಾಗಿರಬೇಕು. ಅದೇ ಮೊದಲು ಮಬ್ಬಾದರೆ ತೆಗೆಯುವಾಗ ಹರಿದಿದೆ ಎಂದೇ ಅರ್ಥ.

ಕೊನೆಗೆ ಬೆಂದ ಮಸೂರವನ್ನು ಉಗುರಿನಲ್ಲಿ ಬಿಡಿಸಿ. ಈರುಳ್ಳಿಯ ಹಾಗೆ ಪದರ ಪದರ ಏಳುತ್ತದೆ. ಒಂದು ಎಚ್ಚರ ಮಕ್ಕಳಿಗೆ ಹೇಳಿ: ಬಿಸಿ ಐದು ನಿಮಿಷದಲ್ಲಿ ಮಾಡಿದ್ದನ್ನು ವಯಸ್ಸು ಐವತ್ತು ವರ್ಷದಲ್ಲಿ, ಬೇರೆ ರಾಸಾಯನಿಕ ದಾರಿಯಲ್ಲಿ ಮಾಡುತ್ತದೆ. ಕಾಣುವ ಫಲ ಒಂದೇ, ಕಾರಣ ಒಂದೇ ಅಲ್ಲ.

ಪ್ರಶ್ನೆ: ತೋಟಕ್ಕೆ ಹೊಡೆಯಲು ಬೋರ್ಡೋ ತಯಾರಿಸುವಾಗ ಸುಣ್ಣ ಕಣ್ಣಿಗೆ ಸಿಡಿಯಿತು. ಇದರಿಂದಲೂ ಪೊರೆ ಬರುತ್ತದೆಯೇ? ಹಾಲು ಬಿಟ್ಟರೆ ಸಾಕೆನ್ನುತ್ತಾರೆ.
– ಕೊಪ್ಪದ ಅಡಿಕೆ ಬೆಳೆಗಾರರು

ಇದನ್ನು ಓದುವ ಹೊತ್ತಿಗೆ ನೀವು ಕಣ್ಣಿನ ಡಾಕ್ಟರನ್ನು ಕಂಡಿರದಿದ್ದರೆ ಇವತ್ತೇ ಹೊರಡಿ. ಸುಣ್ಣ ಕ್ಷಾರ. ಕ್ಷಾರವೂ ಕೊಬ್ಬೂ ಸೇರಿದರೆ ಸೋಪು. ಕಣ್ಣಿನ ಮೇಲ್ಮೈಯ ಕೋಶಪೊರೆಗಳ ಕೊಬ್ಬನ್ನು ಅದು ಸೋಪಾಗಿಸುತ್ತ ಒಳಕ್ಕೆ ದಾರಿ ಮಾಡಿಕೊಳ್ಳುತ್ತದೆ. ಆಮ್ಲ ಬಿದ್ದರೆ ಪ್ರೋಟೀನು ಹೆಪ್ಪುಗಟ್ಟಿ ತಾನೇ ಒಂದು ತಡೆಯಾಗುತ್ತದೆ, ಕ್ಷಾರಕ್ಕೆ ಆ ತಡೆಯಿಲ್ಲ. ಪೆಟ್ಟು ಆಳವಾದರೆ ಮಸೂರವನ್ನೂ ಮುಟ್ಟಿ ಪೊರೆ ತರಬಲ್ಲದು.

ಬಿದ್ದ ಕ್ಷಣವೇ, ಡಾಕ್ಟರ ಹತ್ತಿರ ಹೊರಡುವ ಮೊದಲೇ, ಕುಡಿಯುವ ನೀರು ಅಥವಾ ನಲ್ಲಿ ನೀರು ಬಿಟ್ಟು ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ಒಬ್ಬರು ರೆಪ್ಪೆ ಅಗಲಿಸಿ ಹಿಡಿಯಲಿ, ಇನ್ನೊಬ್ಬರು ಮೂಗಿನ ಕಡೆಯಿಂದ ಹೊರಕ್ಕೆ ನೀರು ಬಿಡಲಿ. ರೆಪ್ಪೆಯ ಒಳಗೆ ಸುಣ್ಣದ ಕಾಳು ಸಿಕ್ಕಿಕೊಂಡಿದ್ದರೆ ತೊಳೆದದ್ದೆಲ್ಲ ವ್ಯರ್ಥ. ಒದ್ದೆ ಹತ್ತಿಕಡ್ಡಿಯಿಂದ ತೆಗೆಯಿರಿ. ಹಾಲು, ಹರಳೆಣ್ಣೆ, ನಿಂಬೆರಸ ಯಾವುದೂ ಬೇಡ. ಇನ್ನೊಂದು ಮೋಸ: ಕಣ್ಣು ಕೆಂಪಾಗಲಿಲ್ಲ, ಬೆಳ್ಳಗೇ ಇದೆ ಎಂದು ಸಮಾಧಾನಪಡಬಾರದು. ಕ್ಷಾರದ ಪೆಟ್ಟಿನಲ್ಲಿ ಬಿಳಿಚಿಕೊಂಡ ಕಣ್ಣು ಎಂದರೆ ರಕ್ತನಾಳಗಳೇ ಸುಟ್ಟಿರುವ ಸೂಚನೆ. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಎಲ್ಲರಿಗೂ ಬಾಯಿಪಾಠ. ಸುಣ್ಣ ಅರಳಿಸುವಾಗ ಕಣ್ಣಿಗೆ ಮುಚ್ಚಿದ ಕನ್ನಡಕ ಎಂಬುದನ್ನೂ ಆ ಪಾಠಕ್ಕೆ ಸೇರಿಸಿಕೊಳ್ಳಿ. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಗಬಾರದು. ಹಿಚುಕಿದರೆ ನೇರ ಕಣ್ಣಿಗೇ ಹಾರುತ್ತದೆ.

ಪ್ರಶ್ನೆ: ಅತ್ತೆಯವರ ಪೊರೆ ‘ಹಣ್ಣಾಗಲಿ’ ಎಂದು ಎರಡು ವರ್ಷದಿಂದ ಕಾಯುತ್ತಿದ್ದೇವೆ. ಅಡಿಕೆ ಬೇಯಿಸುವ ಒಲೆಯ ಹೊಗೆಯಿಂದಲೇ ಬಂತು ಅಂತಾರೆ. ಪೊರೆ ಕರಗಿಸುವ ಡ್ರಾಪ್ಸ್ ಇದೆಯಂತೆ, ಜೇನುತುಪ್ಪ ಬಿಟ್ಟರೂ ಹೋಗುತ್ತದಂತೆ, ಹೌದೇ?
– ಗೃಹಿಣಿ, ಸೊರಬ

ಜೇನು ಬಿಡಬೇಡಿ, ಸೋಂಕಾದರೆ ಇರುವ ದೃಷ್ಟಿಯೂ ಹೋದೀತು. ಡ್ರಾಪ್ಸ್ ಸುದ್ದಿಯ ಮೂಲ ಲ್ಯಾನೊಸ್ಟೆರಾಲ್, ದೇಹ ಕೊಲೆಸ್ಟ್ರಾಲ್ ತಯಾರಿಸುವ ದಾರಿಯಲ್ಲಿ ಬರುವ ವಸ್ತು. ಅದು ಮೊಲದ ಮಸೂರವನ್ನೂ ನಾಯಿಯ ಕಣ್ಣನ್ನೂ ತಿಳಿಗೊಳಿಸಿತು ಎಂದು 2015ರಲ್ಲಿ ವರದಿಯಾಯಿತು. ಆಪರೇಷನ್ನಿನಲ್ಲಿ ತೆಗೆದ ಮನುಷ್ಯರ ಮಸೂರದ ತಿರುಳನ್ನು ಅದೇ ದ್ರಾವಣದಲ್ಲಿಟ್ಟು ನೋಡಿದಾಗ ಮಬ್ಬು ಹೋಗಲಿಲ್ಲ. 2019ರ ಪರೀಕ್ಷೆಗಳೂ ಅದನ್ನೇ ಹೇಳಿದವು. ದಶಕಗಳಿಂದ ಗಂಟು ಬಿದ್ದದ್ದು ಹನಿಗೆ ಬಿಚ್ಚುವುದಿಲ್ಲ.

ಹೊಗೆಯ ಮಾತು ಸುಳ್ಳಲ್ಲ. ಸೌದೆ ಒಲೆಯ ಹೊಗೆಗೂ ಪೊರೆಗೂ ನಂಟಿದೆ ಎಂದು ಭಾರತ, ನೇಪಾಳದ ಅಧ್ಯಯನಗಳು ಹೇಳಿವೆ. ಹಂಡೆಯ ಒಲೆಗೆ ಚಿಮಣಿ ಇಡಿ, ಹಸಿ ಸೌದೆ ಉರಿಸಬೇಡಿ, ಚೊಗರು (ಅಡಿಕೆ ಬೆಂದ ಕಂದು ನೀರು) ನೋಡಲು ಬಗ್ಗುವವರು ಗಾಳಿ ಬರುವ ಬದಿಗೆ ನಿಲ್ಲಲಿ.

ಹಣ್ಣಾಗುವವರೆಗೆ ಕಾಯುವುದು ಹಳೆಯ ಕಾಲದ ಮಾತು. ಈಗ 2–3 ಮಿ.ಮೀ. ಸೀಳಿನಲ್ಲಿ ಶ್ರವಣಾತೀತ ಕಂಪನದಿಂದ ಮಸೂರ ಒಡೆದು ಹೀರುತ್ತಾರೆ. ಬಲಿತು ಕಂದಾದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಹೆಚ್ಚು ಕಂಪನ, ಪಾರದರ್ಶಕ ಪಟಲಕ್ಕೆ ಹೆಚ್ಚು ಪೆಟ್ಟು. ಅಕ್ಕಿಯಲ್ಲಿ ಕಲ್ಲು ಆರಿಸಲು, ಬಸ್ಸಿನ ಬೋರ್ಡು ಓದಲು ಕಷ್ಟವಾಗುತ್ತಿದ್ದರೆ ಅದೇ ಸಮಯ. ಮನೆಯ ಗಂಡಸರಿಗಾದರೆ ಒಂದು ಮಾತು: ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಸರ್ಜನ್ನರಿಗೆ ತಿಳಿಸಬೇಕು. ಆಪರೇಷನ್ ವೇಳೆ ಕಣ್ಣಿನ ಬಣ್ಣದ ಪಟಲ ಸಡಿಲಾಗಿ ಸೀಳಿನತ್ತ ಜಾರಬಹುದು.

ಪ್ರಶ್ನೆ: ಮೂರು ವರ್ಷದ ಹಿಂದೆ ಲೆನ್ಸ್ ಹಾಕಿಸಿದ್ದೇನೆ. ಈಗ ಮತ್ತೆ ಮಂಜು. ಪ್ಲಾಸ್ಟಿಕ್ ಲೆನ್ಸಿಗೂ ಪೊರೆ ಬರುತ್ತದೆಯೇ?
– ನಿವೃತ್ತ ಕಾರ್ಮಿಕರು, ಭದ್ರಾವತಿ

ಲೆನ್ಸಿಗಲ್ಲ, ಅದನ್ನು ಕೂರಿಸಿದ ಚೀಲಕ್ಕೆ. ಹಳೆಯ ಮಸೂರದ ಹೊರಚೀಲವನ್ನು ಬೇಕೆಂದೇ ಉಳಿಸಿರುತ್ತಾರೆ. ಅದರ ಹಿಂಗೋಡೆ ನಡುವೆ ಬರೀ 4 ಮೈಕ್ರಾನಿನಷ್ಟು ತೆಳು. ಎಷ್ಟು ಉಜ್ಜಿ ತೆಗೆದರೂ ಚೀಲದ ಅಂಚಿನಲ್ಲಿ ಕೆಲವು ಮಸೂರಕೋಶಗಳು ಉಳಿದುಬಿಡುತ್ತವೆ. ನಾರಾಗುವ ಹಳೆಯ ಚಟ ಬಿಡದೆ ಅವು ಹಿಂಗೋಡೆಯ ಮೇಲೆ ಹರಡುತ್ತವೆ. ಯಾಗ್ ಲೇಸರಿನಿಂದ ಆ ಗೋಡೆಯ ನಡುವೆ 3–4 ಮಿ.ಮೀ. ಕಿಟಕಿ ತೆರೆದರೆ ಮುಗಿಯಿತು. ಕೊಯ್ಯುವುದಿಲ್ಲ, ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಬರಬಹುದು. ಕಣ್ಣಿನ ಒತ್ತಡ ಅಳೆಸಿಕೊಂಡೇ ಹೊರಡಿ. ಮುಂದೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕಿಗಳು ಒಮ್ಮೆಲೇ ಹೆಚ್ಚಾದರೆ ಅಥವಾ ಒಂದು ಬದಿಯಿಂದ ಪರದೆ ಎಳೆದ ಹಾಗೆ ಕಂಡರೆ, ಅಕ್ಷಿಪಟಲ ಕಳಚುತ್ತಿರಬಹುದು; ಮರುದಿನಕ್ಕೆ ಮುಂದೂಡಬೇಡಿ.